ಸೋಮವಾರ ಬೆಳಿಗ್ಗೆ ಸಾಯುವ ಬ್ಯಾಕ್ಟೀರಿಯಾ

ಪ್ರಶ್ನೆ: “ಫೀನಾಲಿಕ್ ರೆಸಿನ್ ತಯಾರಿಸುವ ಕಾರ್ಖಾನೆಯೊಂದರ ಇಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನನ್ನ ಉಸ್ತುವಾರಿಯಲ್ಲಿದೆ. ದಿನಕ್ಕೆ ಸುಮಾರು 100 ಘನ ಮೀಟರ್ ಕೊಳಚೆ ನೀರು, ಬ್ಯಾಕ್ಟೀರಿಯಾಗಳಿಗೆ ಗಾಳಿ ಊದುವ 300 ಘನ ಮೀಟರ್‌ನ ಏರೇಶನ್ ಟ್ಯಾಂಕ್. ಒಳಬರುವ ನೀರಿನ ಸಿಒಡಿ (ಒಟ್ಟು ಕೊಳೆಯ ಅಳತೆ) ಲೀಟರಿಗೆ 2500 ಮಿಲಿಗ್ರಾಂ ಆಸುಪಾಸು, ಫೀನಾಲ್ 200. ಎಂಎಲ್‌ಎಸ್‌ಎಸ್, ಅಂದರೆ ಟ್ಯಾಂಕಿನ ನೀರಿನಲ್ಲಿ ತೇಲಾಡುವ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು), ಲೀಟರಿಗೆ 3000 ಮಿಲಿಗ್ರಾಂ ಇಟ್ಟುಕೊಂಡಿದ್ದೇವೆ. ವಾರದ ಮಧ್ಯೆ ಹೊರಹೋಗುವ ನೀರು ಚೆನ್ನಾಗಿಯೇ ಇರುತ್ತದೆ. ಸೋಮವಾರ ಬಂದರೆ ಕಲಕು, ನೊರೆ, ಫೀನಾಲ್ ವಾಸನೆ. ಆ ದಿನ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ, ಲೀಟರಿಗೆ ಮಿಲಿಗ್ರಾಂನಲ್ಲಿ) 5, 6 ತೋರಿಸುತ್ತದೆ, ಹಾಗಾಗಿ ಗಾಳಿಯ ಕೊರತೆಯಂತೂ ಅಲ್ಲ. ಎಂಟು ತಿಂಗಳಿಂದ ಪ್ರತಿ ಸೋಮವಾರ 2 ಕಿಲೋ ಬ್ಯಾಕ್ಟೀರಿಯಾ ಪೌಡರ್ ಹಾಕುತ್ತಿದ್ದೇವೆ, ಬುಧವಾರ, ಗುರುವಾರದ ಹೊತ್ತಿಗೆ ಸರಿಹೋಗುತ್ತದೆ. ಅಮೋನಿಯಾ ಮಾತ್ರ ಯಾವತ್ತೂ ಇಳಿದಿಲ್ಲ. ಈಗ ಪೌಡರ್ ಕೊಡುವವರು ಫೀನಾಲ್‌ಗೆಂದೇ ಬೆಳೆಸಿದ ವಿಶೇಷ ತಳಿ ಇದೆ ಎನ್ನುತ್ತಿದ್ದಾರೆ. ವಿಷ ನಿಜಕ್ಕೂ ನಾಶವಾಗುತ್ತದೆಯೋ, ಸ್ಲಡ್ಜ್‌ನಲ್ಲಿ ಅಡಗಿ ಕೂರುತ್ತದೆಯೋ ಎಂಬ ಅನುಮಾನ ನಮ್ಮ ಮ್ಯಾನೇಜರ್‌ಗೆ. ಈ ಬ್ಯಾಕ್ಟೀರಿಯಾದಿಂದ ರೋಗ ಬಂದೀತೆಂಬ ಭಯ ಆಪರೇಟರ್‌ಗಳಿಗೆ. ಶನಿವಾರ ರಾತ್ರಿ ರೆಸಿನ್ ಬೇಯಿಸುವ ಕೆಟಲ್‌ಗಳನ್ನು ಕಾಸ್ಟಿಕ್ ಸೋಡಾ ಹಾಕಿ ತೊಳೆಯುತ್ತಾರೆ; ಆ ನೀರು 5 ಘನ ಮೀಟರ್ ಇರಬಹುದು, ಹೆಚ್ಚೇನಲ್ಲ. ಹೊಸ ತಳಿ ತರಿಸಬೇಕೇ?”

ಉತ್ತರ: ತರಿಸಬೇಡಿ, ಸದ್ಯಕ್ಕಂತೂ ಬೇಡ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ‘ಹೆಚ್ಚೇನಲ್ಲ’ ಎಂದು ಪಕ್ಕಕ್ಕೆ ಸರಿಸಿದ ಆ 5 ಘನ ಮೀಟರ್ ನೀರಿನ ಮೇಲೆಯೇ ನನ್ನ ಕಣ್ಣು ಎರಡೂ ಸಲ ನಿಂತಿತು.

ಒಂದು ಲೆಕ್ಕ ಹಾಕೋಣ. ನಿಮ್ಮ ಮಾಮೂಲಿ ನೀರಿನಲ್ಲಿ ದಿನಕ್ಕೆ ಹೋಗುವ ಫೀನಾಲ್ 20 ಕಿಲೋ. ಕೆಟಲ್ ತೊಳೆದ ನೀರಿನ ಫೀನಾಲ್ ಎಷ್ಟೆಂದು ನೀವು ಬರೆದಿಲ್ಲ, ಬಹುಶಃ ಯಾರೂ ಅಳೆದಿಲ್ಲ. ಕಾಸ್ಟಿಕ್‌ನಲ್ಲಿ ಫೀನಾಲ್ ಚೆನ್ನಾಗಿ ಕರಗುತ್ತದೆ, ತೊಳೆಯಲು ಅದನ್ನು ಬಳಸುವುದೇ ಅದಕ್ಕೆ. ಲೀಟರಿಗೆ 20,000 ಮಿಲಿಗ್ರಾಂ, ಅಂದರೆ ಶೇಕಡಾ 2 ಎಂದಿಟ್ಟುಕೊಳ್ಳಿ. 5 ಘನ ಮೀಟರ್‌ಗೆ 100 ಕಿಲೋ ಆಯಿತು. ಐದು ದಿನದ ಫೀನಾಲ್ ಒಂದೆರಡು ಗಂಟೆಯಲ್ಲಿ ಟ್ಯಾಂಕಿಗೆ ಬಿತ್ತು. ಜೊತೆಗೆ ಕಾಸ್ಟಿಕ್‌ನಿಂದ ಪಿಹೆಚ್ ಏರಿಕೆ, ಅಳಿದುಳಿದ ಫಾರ್ಮಾಲ್ಡಿಹೈಡ್ ಬೇರೆ. ಇಷ್ಟಾದ ಮೇಲೆ ಸೋಮವಾರ ನೊರೆ ಬರದಿದ್ದರೆ ಆಶ್ಚರ್ಯ.

ಇನ್ನು ಡಿಒ ವಿಷಯ. 5, 6 ಇದೆ, ಗಾಳಿ ಸಾಕಷ್ಟಿದೆ ಎಂದು ನೀವು ಸಮಾಧಾನ ಪಟ್ಟಿದ್ದೀರಿ. ನನಗೆ ಅದೇ ಕೆಟ್ಟ ಸುದ್ದಿಯಾಗಿ ಕಂಡಿತು. ಬ್ಲೋವರ್ ವಾರವಿಡೀ ಒಂದೇ ಪ್ರಮಾಣದ ಗಾಳಿ ಊದುತ್ತದೆ. ಬುಧವಾರ ಡಿಒ 2ರ ಹತ್ತಿರ ನಿಲ್ಲುತ್ತದೆ ಎಂದರೆ ಆ ಆಮ್ಲಜನಕವನ್ನು ಉಸಿರಾಡುವವರು ಇದ್ದಾರೆ ಎಂದರ್ಥ. ಸೋಮವಾರ 6ಕ್ಕೆ ಏರಿತು ಎಂದರೆ ಉಸಿರಾಡುವವರು ಕಡಿಮೆಯಾದರು. ಖಾಲಿ ಮನೆಯಲ್ಲಿ ನೀರಿನ ಖರ್ಚು ಇರುವುದಿಲ್ಲವಲ್ಲ, ಹಾಗೆ.

ಇಲ್ಲಿ ಒಂದು ಗೊಂದಲವಿದೆ. ಭಾನುವಾರ ಕಾರ್ಖಾನೆ ಮುಚ್ಚಿದ್ದರೆ ಟ್ಯಾಂಕಿಗೆ ಊಟ ಹೋಗದೆಯೂ ಡಿಒ ಏರಬಹುದು. ಹಸಿವೋ ವಿಷವೋ ತಿಳಿಯುವುದು ಸುಲಭ. ಸೋಮವಾರ ಬೆಳಿಗ್ಗೆ ಟ್ಯಾಂಕಿನಿಂದ ಒಂದು ಲೀಟರ್ ತೆಗೆದು, ಚೆನ್ನಾಗಿ ಕಲಕಿ ಗಾಳಿ ಹಿಡಿಸಿ, ಬಾಯಿ ಕಿರಿದಾದ ಬಾಟಲಿಗೆ ಗಾಳಿಗುಳ್ಳೆ ಇರದಂತೆ ತುಂಬಿ ಡಿಒ ಮೀಟರ್ ಇಳಿಬಿಡಿ. ಬಾಟಲಿಯೊಳಗೆ ನಿಧಾನವಾಗಿ ಕಲಕುತ್ತಿರಲಿ. ಒಂದೊಂದು ನಿಮಿಷಕ್ಕೂ ಅಂಕಿ ಬರೆದುಕೊಳ್ಳಿ. ಊಟ ಸಿಗುತ್ತಿರುವ ಆರೋಗ್ಯವಂತ ಸ್ಲಡ್ಜ್ ಐದು ಹತ್ತು ನಿಮಿಷದಲ್ಲಿ 6ರಿಂದ 2ಕ್ಕೆ ಇಳಿಸಿಬಿಡುತ್ತದೆ. ಇಳಿಯಲಿಲ್ಲವೇ? ಇನ್ನೊಂದು ಬಾಟಲಿಗೆ ವಾರದ ಮಧ್ಯದ ಒಳ್ಳೆಯ ಕೊಳಚೆ ನೀರನ್ನು ಸ್ವಲ್ಪ ಬೆರೆಸಿ ಮತ್ತೆ ನೋಡಿ. ಚುರುಕಾಗಿ ಇಳಿದರೆ ಪಾಪ, ಹಸಿದಿದ್ದವು. ಅರ್ಧ ಗಂಟೆಯಾದರೂ ಮುಳ್ಳು ಅಲ್ಲಾಡದಿದ್ದರೆ ಅವಕ್ಕೆ ವಿಷ ಏರಿದೆ. ಹೊರಹೋಗುವ ನೀರಿಗೆ ಫೀನಾಲ್ ವಾಸನೆ ಬರುತ್ತಿದೆ ಎಂದು ನೀವೇ ಬರೆದಿರುವುದರಿಂದ ನನ್ನ ಪಣ ಎರಡನೆಯದರ ಮೇಲೆ. ಹಸಿದವರು ತಟ್ಟೆಯಲ್ಲಿ ಬಿಡುವುದಿಲ್ಲ.

ಫೀನಾಲನ್ನು ತಿನ್ನುವ ಬ್ಯಾಕ್ಟೀರಿಯಾ ಫೀನಾಲ್‌ನಿಂದಲೇ ಸಾಯುವುದು ಹೇಗೆ? ಈ ಪ್ರಶ್ನೆಯನ್ನು ನನಗೆ ಅನುಭವಿ ಎಂಜಿನಿಯರ್‌ಗಳೂ ಕೇಳಿದ್ದಾರೆ. ಬ್ಯಾಕ್ಟೀರಿಯಾಕ್ಕೆ ಫೀನಾಲ್ ಊಟವೂ ಹೌದು, ವಿಷವೂ ಹೌದು. ಸಾಂದ್ರತೆ ಏರಿದಂತೆ ಮೊದಲು ತಿನ್ನುವ ವೇಗ ಏರುತ್ತದೆ, ಒಂದು ಹಂತ ದಾಟಿದರೆ ಅದೇ ಫೀನಾಲ್ ಜೀವಕೋಶದ ಪೊರೆಯನ್ನು ಸಡಿಲಿಸಿ ವೇಗ ಇಳಿಸತೊಡಗುತ್ತದೆ. ‘ಹಾಗಾದರೆ 200 ಮಿಲಿಗ್ರಾಂ ದಿನವೂ ಬರುತ್ತಿದೆಯಲ್ಲ, ಅದೇಕೆ ಕೊಲ್ಲುವುದಿಲ್ಲ’ ಎಂದು ಕೇಳಬಹುದು. ಚೆನ್ನಾಗಿ ಕಲಕುವ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಒಳಬರುವ ನೀರಿನ ಸಾಂದ್ರತೆಯನ್ನು ಕಾಣುವುದೇ ಇಲ್ಲ. ಬಿದ್ದ ನೀರು ಕ್ಷಣದಲ್ಲಿ 300 ಘನ ಮೀಟರ್‌ಗೆ ಹರಡುತ್ತದೆ, ಹರಡಿದ್ದನ್ನು ಅವು ತಿಂದು ಮುಗಿಸುತ್ತಿರುತ್ತವೆ. ಹೊರಹೋಗುವ ನೀರಿನಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ಅವುಗಳ ವಾಸ. ಗುರುವಾರ ಅದು ಒಂದು ಮಿಲಿಗ್ರಾಂಗಿಂತ ಕಡಿಮೆ ಇದ್ದೀತು. ಶನಿವಾರ ರಾತ್ರಿ 100 ಕಿಲೋ ಸುರಿದರೆ ಲೆಕ್ಕಕ್ಕೆ 330ಕ್ಕೆ ನೆಗೆಯುತ್ತದೆ. ವೇಗ ಕುಗ್ಗಿತು, ಕುಗ್ಗಿದ್ದರಿಂದ ಫೀನಾಲ್ ಉಳಿಯಿತು, ಉಳಿದದ್ದರಿಂದ ವೇಗ ಇನ್ನಷ್ಟು ಕುಗ್ಗಿತು. ಈ ಜಾರುಬಂಡೆಯಲ್ಲಿ ಒಮ್ಮೆ ಜಾರಿದ ಟ್ಯಾಂಕ್ ತಾನಾಗಿ ನಿಲ್ಲುವುದು ಕಷ್ಟ. ಸತ್ತ ಕೋಶಗಳು ಒಡೆದು ಹೊರಬಿದ್ದ ಪ್ರೋಟೀನ್‌ನಿಂದ ನೊರೆ, ಫ್ಲಾಕ್ (ಬ್ಯಾಕ್ಟೀರಿಯಾ ಒಂದಕ್ಕೊಂದು ಅಂಟಿದ ಗಂಟು) ಚದುರಿ ಕಲಕು.

ಹಾಗಾದರೆ ಪೌಡರ್ ಹಾಕಿದ ಮೇಲೆ ಸರಿಹೋಗುತ್ತದಲ್ಲ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ, ಅಷ್ಟೇ. ನಿಮ್ಮ ಟ್ಯಾಂಕಿನಲ್ಲಿ ನೀರು ಸರಾಸರಿ ಮೂರು ದಿನ ನಿಲ್ಲುತ್ತದೆ. ಆಮೇಲೆ ಬುಧವಾರದವರೆಗೆ ಬರುವ ಮಾಮೂಲಿ ನೀರು ವಿಷವನ್ನು ತೆಳುವಾಗಿಸಿ ಹೊರಗೆ ತಳ್ಳುತ್ತದೆ, ಬದುಕುಳಿದ ಬ್ಯಾಕ್ಟೀರಿಯಾ ಮತ್ತೆ ಹೆಚ್ಚುತ್ತವೆ. ಪೌಡರ್ ಇಲ್ಲದಿದ್ದರೂ ಇದೇ ಆಗುತ್ತಿತ್ತು. 3000 ಎಂಎಲ್‌ಎಸ್‌ಎಸ್ ಎಂದರೆ ನಿಮ್ಮ ಟ್ಯಾಂಕಿನಲ್ಲಿ ಒಣ ತೂಕದ 900 ಕಿಲೋ ಸ್ಲಡ್ಜ್ ಈಗಲೇ ಇದೆ. ಅದಕ್ಕೆ 2 ಕಿಲೋ ಪೌಡರ್, ಅದರಲ್ಲೂ ಹೆಚ್ಚಿನ ಪಾಲು ಬ್ಯಾಕ್ಟೀರಿಯಾ ಅಲ್ಲ, ಅದನ್ನು ಹೊತ್ತ ಹೊಟ್ಟು. ಆ 2 ಕಿಲೋದಲ್ಲಿರುವ ಜೀವಿಗಳು ಪ್ರಯೋಗಾಲಯದ ಸುಖದಲ್ಲಿ ಬೆಳೆದವು. ಫ್ಲಾಕ್‌ಗೆ ಅಂಟಿಕೊಳ್ಳದ ಕೋಶ, ಸ್ಲಡ್ಜ್ ತಳಕ್ಕೆ ಕೂರುವ ಕ್ಲಾರಿಫೈಯರ್ ತೊಟ್ಟಿಯಲ್ಲಿ ಕೆಳಗಿಳಿಯುವುದಿಲ್ಲ, ತೊಳೆದುಹೋಗುತ್ತದೆ. ಹಾಗೆ ಬಿಡಿಯಾಗಿ ತೇಲುವವನ್ನು ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳೂ ಮೇಯುತ್ತವೆ. ಎಲ್ಲ ದಾಟಿ ಉಳಿದದ್ದಕ್ಕೆ ಮುಂದಿನ ಶನಿವಾರ ಕಾದಿರುತ್ತದೆ.

ಫೀನಾಲ್ ತಿನ್ನುವ ಗುಣ ಅಪರೂಪವೇನಲ್ಲ. ಸ್ಯೂಡೊಮೊನಾಸ್ ಪುಟಿಡಾ ಮತ್ತು ಅದರ ಬಂಧುಬಳಗ ಮಣ್ಣಿನಲ್ಲಿ ಎಲ್ಲೆಡೆ ಇವೆ. ನಿಮ್ಮ ಟ್ಯಾಂಕಿನವರು ದಿನಕ್ಕೆ 20 ಕಿಲೋ ತಿನ್ನುತ್ತಿದ್ದಾರಲ್ಲ, ಇದಕ್ಕಿಂತ ವಿಶೇಷ ತಳಿ ಎಲ್ಲಿಂದ ತರುತ್ತೀರಿ? ಮ್ಯಾಂಚೆಸ್ಟರ್‌ನಲ್ಲಿ 1914ರಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತೋರಿಸಿದ್ದೂ ಇದನ್ನೇ. ಕೊಳಚೆ ನೀರಿಗೆ ಬರೀ ಗಾಳಿ ಊದಿದರೆ ಶುದ್ಧವಾಗಲು ವಾರಗಟ್ಟಲೆ ಹಿಡಿಯಿತು. ತಳದಲ್ಲಿ ಕೂತ ಕೆಸರನ್ನು ಎಸೆಯದೆ, ಅದರ ಮೇಲೆಯೇ ಹೊಸ ನೀರು ತುಂಬಿ ಊದುತ್ತ ಹೋದಾಗ ಅದೇ ಕೆಲಸ ಒಂದು ದಿನದೊಳಕ್ಕೆ ಬಂತು. ಹೊರಗಿನಿಂದ ಯಾವ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ಕೂಡ ತರಿಸಿರಲಿಲ್ಲ. ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಿಂದ ಸಯನೈಡ್ ಮತ್ತು ಥಯೋಸಯನೇಟ್ ಇದ್ದ ನೀರನ್ನು, ತಿರುಗುವ ತಟ್ಟೆಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾ ಪದರದಿಂದ ಶುದ್ಧ ಮಾಡಿದರು. ಸಯನೈಡನ್ನೇ ಅರಗಿಸಿಕೊಳ್ಳುವವು ಇರುವಾಗ ಫೀನಾಲ್ ಯಾವ ಲೆಕ್ಕ, ಸಹಿಸುವಷ್ಟು ಪ್ರಮಾಣದಲ್ಲಿ ಸಮನಾಗಿ ಬಂದರೆ.

ಪೌಡರ್ ಪೂರ್ತಿ ಮೋಸ ಎಂದೂ ನಾನು ಹೇಳುವುದಿಲ್ಲ. ಹೊಸ ಘಟಕ ಶುರು ಮಾಡುವಾಗ, ಟ್ಯಾಂಕ್ ಪೂರ್ತಿ ಸತ್ತಾಗ, ಅಥವಾ ನಿಜಕ್ಕೂ ಅಪರೂಪದ ರಾಸಾಯನಿಕ ಬಂದಾಗ ಉಪಯೋಗವಾಗಿದ್ದನ್ನು ಕಂಡಿದ್ದೇನೆ. ಪರೀಕ್ಷೆ ಮಾಡಿ ತಗೊಳ್ಳಿ ಎನ್ನುತ್ತೇನೆ. ನಾಲ್ಕು ಜಾಡಿಗಳಿಗೆ ಒಂದೇ ಕೊಳಚೆ ನೀರು ತುಂಬಿ. ಮೊದಲನೆಯದಕ್ಕೆ ಬರೀ ಗಾಳಿ, ಎರಡನೆಯದಕ್ಕೆ ನಿಮ್ಮ ಸ್ಲಡ್ಜ್, ಮೂರನೆಯದಕ್ಕೆ ಅಷ್ಟೇ ಸ್ಲಡ್ಜ್ ಮತ್ತು ಪೌಡರ್, ನಾಲ್ಕನೆಯದಕ್ಕೆ ಬರೀ ಪೌಡರ್. ನಾಲ್ಕಕ್ಕೂ ಗಾಳಿ ಬಿಟ್ಟು 0, 4, 8, 24ನೇ ಗಂಟೆಯ ಫೀನಾಲ್ ಅಳೆಯಿರಿ. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕಾಣದಿದ್ದರೆ ಮಾತು ಮುಗಿಯಿತು. ಸರಬರಾಜುದಾರರ ಎದುರಿಗೇ ಮಾಡಿ. ಬೇಸರ ಮಾಡಿಕೊಳ್ಳುವವರು ಕೆಲವರಿದ್ದಾರೆ, ಒಳ್ಳೆಯವರು ಖುಷಿಯಿಂದ ಬಂದು ಕೂರುತ್ತಾರೆ.

ನಿಮ್ಮ ಮ್ಯಾನೇಜರ್ ಕೇಳಿದ್ದು ಒಳ್ಳೆಯ ಪ್ರಶ್ನೆ, ಅದಕ್ಕೆ ಒಂದೇ ಉತ್ತರವಿಲ್ಲ. ಫೀನಾಲ್ ಮಟ್ಟಿಗೆ, ಹೌದು, ನಾಶವಾಗುತ್ತದೆ. ಬ್ಯಾಕ್ಟೀರಿಯಾ ಫೀನಾಲ್‌ಗೆ ಇನ್ನೊಂದು ಆಮ್ಲಜನಕ ಸೇರಿಸಿ ಕ್ಯಾಟೆಕಾಲ್ ಮಾಡುತ್ತದೆ, ಆಮೇಲೆ ಆರು ಇಂಗಾಲಗಳ ಆ ಉಂಗುರವನ್ನೇ ಕತ್ತರಿಸುತ್ತದೆ. ಉಂಗುರ ಬಿಚ್ಚಿದರೆ ಉಳಿದದ್ದು ಮಾಮೂಲಿ ಊಟ: ಒಂದು ಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರು, ಇನ್ನೊಂದು ಪಾಲು ಅವುಗಳ ಮೈ. ಕತ್ತರಿಸುವ ದಾರಿ ಎರಡಿವೆ. ಅದರಲ್ಲೊಂದರಲ್ಲಿ ನಡುವೆ ಹಳದಿ ಬಣ್ಣದ ವಸ್ತು ಹುಟ್ಟುತ್ತದೆ. ಜಾಡಿ ಪರೀಕ್ಷೆಯಲ್ಲಿ ನೀರು ಕೆಲಹೊತ್ತು ನಿಂಬೆ ಹಳದಿಗೆ ತಿರುಗಿ ಮತ್ತೆ ತಿಳಿಯಾದರೆ ಹೆದರಬೇಡಿ, ಉಂಗುರ ಒಡೆಯುವುದನ್ನು ನೀವು ಕಣ್ಣಾರೆ ನೋಡುತ್ತಿದ್ದೀರಿ.

ಎಲ್ಲ ವಿಷದ ಕತೆಯೂ ಹೀಗಲ್ಲ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ನಾಶ ಮಾಡಲಾರದು. ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸಿ ವಿಷ ತಗ್ಗಿಸಬಲ್ಲದು, ಆದರೆ ಆ ಕ್ರೋಮಿಯಂ ಸ್ಲಡ್ಜ್‌ನಲ್ಲಿ ಕೂತೇ ಇರುತ್ತದೆ. ಬಟ್ಟೆಗೆ ಹಾಕುವ ಅಜೋ ಬಣ್ಣಗಳಲ್ಲಿ ಇನ್ನೊಂದು ಮೋಸವಿದೆ. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಬಣ್ಣ ಹೋಗುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆದರೆ ಒಡೆದ ಬಣ್ಣದಿಂದ ಆರೊಮ್ಯಾಟಿಕ್ ಅಮೈನ್‌ಗಳು ಹುಟ್ಟಿರುತ್ತವೆ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಮುಂದೆ ಗಾಳಿಯ ಟ್ಯಾಂಕ್ ಇರಲೇಬೇಕು. ಕ್ಲೋರಿನ್ ಇರುವ ದ್ರಾವಕಗಳನ್ನು ಏರೇಶನ್ ಟ್ಯಾಂಕಿಗೆ ಬಿಟ್ಟರೆ ನೀರಿನಿಂದ ಹಾರಿ ಗಾಳಿಗೆ ಸೇರುತ್ತವೆ. ಕಡತದಲ್ಲಿ ಶೇಕಡಾ 95 ನಿವಾರಣೆ ಎಂದು ದಾಖಲಾಗುತ್ತದೆ. ನಾಲ್ಕು ಜಾಡಿಗಳಲ್ಲಿ ಮೊದಲನೆಯದನ್ನು ಬರೀ ಗಾಳಿಗೆಂದು ಬಿಟ್ಟದ್ದು ಇಂಥ ಹಾರಿಹೋಗುವಿಕೆಯನ್ನು ಹಿಡಿಯಲಿಕ್ಕೆ.

ಈಗ ದಾರಿಗಳ ಮಾತು. ಮೊದಲನೆಯದು, ನಾನು ಬೇರೆಲ್ಲಕ್ಕಿಂತ ಮುಂಚೆ ಮಾಡಿಸುವಂಥದ್ದು: ಶನಿವಾರದ ನೀರನ್ನು ಬೇರೆ ತೊಟ್ಟಿಯಲ್ಲಿ ಹಿಡಿದಿಡಿ. ಪಿಹೆಚ್ 7, 8ಕ್ಕೆ ತಂದು ವಾರವಿಡೀ ಹನಿಹನಿಯಾಗಿ ಬಿಡಿ. 5 ಘನ ಮೀಟರ್ ಅನ್ನು ಆರು ದಿನಕ್ಕೆ ಹಂಚಿದರೆ ಗಂಟೆಗೆ 35 ಲೀಟರ್ ಆಯಿತು, ಒಂದು ಡೋಸಿಂಗ್ ಪಂಪ್ ಸಾಕು. ಆದರೆ ಮೊದಲ ವಾರವೇ 35 ಬೇಡ. ನನ್ನ ಲೆಕ್ಕದ ಪ್ರಕಾರ ಅದರಿಂದ ದಿನದ ಫೀನಾಲ್ 20 ಕಿಲೋದಿಂದ 37ರ ಹತ್ತಿರಕ್ಕೆ ಏರುತ್ತದೆ. ಕಾಲು ಭಾಗದಿಂದ ಶುರು ಮಾಡಿ, ಬಾಟಲಿ ಪರೀಕ್ಷೆ ನೋಡಿಕೊಂಡು ವಾರವಾರ ಏರಿಸಿ, ಉಳಿದದ್ದು ತೊಟ್ಟಿಯಲ್ಲಿ ಕಾಯಲಿ. ಹಾಗಾಗಿ ತೊಟ್ಟಿ 5 ಘನ ಮೀಟರ್ ಇದ್ದರೆ ಸಾಲದು, ಕನಿಷ್ಠ ಮೂರು ನಾಲ್ಕು ವಾರದ್ದು ಹಿಡಿಯುವಂತಿರಲಿ. ಅಪಾಯ ಎಲ್ಲಿದೆ ಎಂದರೆ ರಾತ್ರಿ ಪಾಳಿಯಲ್ಲಿ. ತೊಟ್ಟಿ ತುಂಬಿದೆ, ಶಿಫ್ಟ್ ಮುಗಿಯುತ್ತಿದೆ, ಹಳೆಯ ವಾಲ್ವ್ ಪಕ್ಕದಲ್ಲೇ ಇದೆ. ಆ ವಾಲ್ವ್ ಮುಚ್ಚಿದರೆ ಸಾಲದು, ಪೈಪನ್ನೇ ಕತ್ತರಿಸಿ.

ಪೈಪ್ ಕತ್ತರಿಸಿ ಎನ್ನುವುದು ನನ್ನ ಸ್ವಂತ ಪಾಠ. ವೃತ್ತಿಯ ಆರಂಭದಲ್ಲಿ ಒಂದು ಘಟಕದಲ್ಲಿ ಇದೇ ತೊಂದರೆಗೆ ಆರು ವಾರ ಬ್ಲೋವರ್, ಯೂರಿಯಾ, ಕಲ್ಚರ್ ಎಂದು ಹಿಂದೆಬಿದ್ದಿದ್ದೆ. ಕೊನೆಗೆ ರಾತ್ರಿ ಪಾಳಿಯ ಆಪರೇಟರ್ ಒಬ್ಬರು ‘ಸಾರ್, ಎರಡು ಗಂಟೆಗೆ ಟ್ಯಾಂಕಿನ ವಾಸನೆ ಬದಲಾಗುತ್ತೆ, ನೀವು ಆ ಹೊತ್ತಿಗೆ ಬನ್ನಿ’ ಎಂದರು. ಹೋದೆ. ಉತ್ತರ ಅಂಥದೇ ಒಂದು ವಾಲ್ವ್‌ನಿಂದ ಸುರಿಯುತ್ತಿತ್ತು.

ಎರಡನೆಯದು, ತೊಳೆದ ನೀರಿಗೆ ಮಾತ್ರ ಫೆಂಟನ್ ವಿಧಾನ: ಪಿಹೆಚ್ 3ರ ಸುತ್ತ ಇಳಿಸಿ ಫೆರಸ್ (ಕಬ್ಬಿಣದ) ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಒಡೆಯುವುದು. ಕೆಲಸ ಮಾಡುತ್ತದೆ. ಆದರೆ ಅಷ್ಟು ಗಾಢವಾದ ನೀರಿಗೆ ಪೆರಾಕ್ಸೈಡ್ ಸುರಿದರೆ ಬಿಸಿ ಏರಿ ಉಕ್ಕಬಹುದು. ಕಬ್ಬಿಣದ ಸ್ಲಡ್ಜ್ ರಾಶಿ ಬೀಳುತ್ತದೆ. ಉಳಿದ ಪೆರಾಕ್ಸೈಡ್ ಏರೇಶನ್ ಟ್ಯಾಂಕಿಗೆ ಹೋದರೆ ಅದೂ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಸಿಒಡಿ ಪರೀಕ್ಷೆಯನ್ನೂ ಕೆಡಿಸಿ ಇಲ್ಲದ ಸಿಒಡಿ ತೋರಿಸುತ್ತದೆ. ತೊಟ್ಟಿಗೆ ಜಾಗವೇ ಇಲ್ಲದವರಿಗೆ ಇದು, ನಿಮಗಲ್ಲ.

ಸ್ಲಡ್ಜ್ ತೀರಾ ಹಾಳಾಗಿದ್ದರೆ ಇಂಥದೇ ನೀರು ನೋಡಿದ ಬೇರೆ ಘಟಕದಿಂದ ಜೀವಂತ ಸ್ಲಡ್ಜ್ ತರುವುದು ಪೌಡರ್‌ಗಿಂತ ಎಷ್ಟೋ ಮೇಲು. ಟ್ಯಾಂಕರ್‌ನಲ್ಲಿ ಗಾಳಿಯಿಲ್ಲದೆ ಕೊಳೆಯುವ ಮುಂಚೆ ಇಳಿಸಬೇಕು. ಅವರ ಸ್ಲಡ್ಜ್‌ನಲ್ಲಿ ಲೋಹವಿದೆಯೇ, ದಾರದಂಥ ಬ್ಯಾಕ್ಟೀರಿಯಾ ತುಂಬಿ ಕೆಳಗೆ ಕೂರದೆ ಉಬ್ಬುವ ರೋಗವಿದೆಯೇ ನೋಡಿಕೊಳ್ಳಿ. ತುರ್ತಿಗೆಂದು ಒಂದಿಷ್ಟು ಆಕ್ಟಿವೇಟೆಡ್ ಕಾರ್ಬನ್ ಪುಡಿಯೂ ಕೈಗೆ ಸಿಗುವಂತಿರಲಿ. ತಪ್ಪಿ ವಿಷ ಬಂದ ದಿನ ಟ್ಯಾಂಕಿಗೆ ಹಾಕಿದರೆ ಫೀನಾಲನ್ನು ಹೀರಿ ಜೀವ ಉಳಿಸುತ್ತದೆ. ಅದನ್ನೇ ಅಭ್ಯಾಸ ಮಾಡಿಕೊಂಡರೆ ಪೌಡರ್ ಕತೆಯೇ ಮತ್ತೆ.

ಅಮೋನಿಯಾ ಇಳಿಯದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅದನ್ನು ನೈಟ್ರೇಟ್ ಮಾಡುವ ನೈಟ್ರೊಸೊಮೊನಾಸ್, ನೈಟ್ರೋಸ್ಪೈರ ಮುಂತಾದವು ಬಹಳ ನಿಧಾನದವು, ಬಹಳ ನಾಜೂಕಿನವು. ಫೀನಾಲ್ ತಿನ್ನುವವು ಕೆಲವೇ ಗಂಟೆಯಲ್ಲಿ ಇಮ್ಮಡಿಯಾದರೆ, ಇವಕ್ಕೆ ಅನುಕೂಲ ಇದ್ದರೂ ಅರ್ಧ ದಿನ, ಒಂದು ದಿನ ಬೇಕು. ಲೀಟರಿಗೆ ಕೆಲವೇ ಮಿಲಿಗ್ರಾಂ ಫೀನಾಲ್ ಉಳಿದರೂ ಮುದುರುತ್ತವೆ. ವಾರಕ್ಕೊಮ್ಮೆ ವಿಷ ಬೀಳುವ ಟ್ಯಾಂಕಿನಲ್ಲಿ ಅವು ಸಂಸಾರ ಹೂಡುವುದೇ ಇಲ್ಲ. ಶನಿವಾರದ್ದು ನಿಂತ ಮೇಲೆ ಸ್ಲಡ್ಜ್ ಅನ್ನು ಹೊರಹಾಕುವುದು ಕಡಿಮೆ ಮಾಡಿ, ಅದರ ವಯಸ್ಸು ಹತ್ತು ದಿನ ದಾಟಲಿ, ತಂಪು ಕಾಲದಲ್ಲಿ ಇನ್ನೂ ಹೆಚ್ಚು. ಪ್ರತಿ ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ 7 ಮಿಲಿಗ್ರಾಂ ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ) ಖರ್ಚಾಗುತ್ತದೆ, ಪಿಹೆಚ್ ಕುಸಿಯದಂತೆ ನೋಡಿಕೊಳ್ಳಿ. ಒಂದೆರಡು ತಿಂಗಳು ಕಾಯಬೇಕಾಗಬಹುದು. ಇನ್ನೊಂದು ಸಣ್ಣ ಮಾತು: ಅಮೋನಿಯಾ ಇರುವುದರಿಂದ ನಿಮಗೆ ನೈಟ್ರೋಜನ್‌ಗೆಂದು ಯೂರಿಯಾ ಬೇಕಿಲ್ಲ, ಆದರೆ ರಂಜಕ ಇದೆಯೇ ನೋಡಿ. 100 ಪಾಲು ಬಿಒಡಿಗೆ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) 5 ನೈಟ್ರೋಜನ್, 1 ರಂಜಕ ಎಂಬುದು ಹಳೆಯ ಲೆಕ್ಕ. ರೆಸಿನ್ ನೀರಿನಲ್ಲಿ ರಂಜಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುತ್ತದೆ.

ಕೊನೆಗೆ ನಿಮ್ಮ ಆಪರೇಟರ್‌ಗಳ ಭಯ. ಪ್ರಯೋಗಾಲಯದಲ್ಲಿ ಹುಟ್ಟಿಸಿದ ಯಾವುದೋ ಜೀವಿ ತಪ್ಪಿಸಿಕೊಳ್ಳುತ್ತದೆ ಎಂಬ ಅಂಜಿಕೆ ಬೇಡ. ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿ ಅವರು ಪ್ರಯೋಗಾಲಯದಲ್ಲಿ ರೂಪಿಸಿದ, ತೈಲ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದ ಮೇಲೆ ಇಂಥ ಕತೆಗಳು ಬಹಳ ಹಬ್ಬಿದವು. ಮಾರುವ ಪೌಡರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಮಣ್ಣಿನ ಬ್ಯಾಸಿಲಸ್ ಜಾತಿಯವು. ಹಾಗೆಂದು ಬರಿಗೈ ಹಾಕುವುದು ಬೇಡ. ಗುಳ್ಳೆ ಒಡೆದು ಏಳುವ ತುಂತುರಿನಲ್ಲಿ ಎಲ್ಲ ಥರದವೂ ಇರುತ್ತವೆ. ಎಲ್ಲರೂ, ಅದರಲ್ಲೂ ಗಾಯ ಇದ್ದವರು, ಗ್ಲೌಸ್ ಹಾಕಲಿ, ಪೌಡರ್ ಸುರಿಯುವವರು ಮಾಸ್ಕ್ ಹಾಕಲಿ.

ಅವರು ನಿಜವಾಗಿ ಹೆದರಬೇಕಾದ್ದು ಬೇರೆ ಇದೆ. ತೊಳೆದ ನೀರಿಗೆಂದು ನೀವು ಕಟ್ಟಿಸುವ ತೊಟ್ಟಿಯಾಗಲಿ, ಸ್ಲಡ್ಜ್ ಗುಂಡಿಯಾಗಲಿ, ಗಾಳಿಯಾಡದೆ ನಿಂತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ, ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ಬರುವುದಿಲ್ಲ. ಹಾಗಾಗಿ ವಾಸನೆ ಇಲ್ಲವೆಂದು ಯಾರೂ ಇಳಿಯಬಾರದು. ಗ್ಯಾಸ್ ಮೀಟರ್, ಬ್ಲೋವರ್, ಮೈಗೆ ಹಾರ್ನೆಸ್ (ಎದೆ, ಹೆಗಲು ಸುತ್ತಿ ಕಟ್ಟುವ ಪಟ್ಟಿ), ಅದಕ್ಕೆ ಹಗ್ಗ, ಮೇಲೆ ಇಬ್ಬರು. ಒಬ್ಬ ಬಿದ್ದನೆಂದು ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯಬಾರದು, ಹಗ್ಗ ಎಳೆಯಬೇಕು. ತೊಟ್ಟಿ ಕಟ್ಟಿಸುವಾಗಲೇ ತಳಕ್ಕೆ ಇಳಿಜಾರು, ಹೊರಗಿನಿಂದಲೇ ತೊಳೆಯುವ ಪೈಪು ಇಡಿಸಿಬಿಡಿ. ಆಗ ಒಳಗಿಳಿಯುವ ಪ್ರಸಂಗವೇ ಅಪರೂಪ.